ಗುಂಡು ತಡೆಯುವ ಜಾಕೆಟ್ ಯಾವ ಗುಂಡು ತಡೆಯುತ್ತದೆ?

ನನ್ನ ಚಿಕ್ಕಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು. ಈಗ ನಿವೃತ್ತರಾಗಿ ಮೂಡಿಗೆರೆ ಹತ್ತಿರ ಒಂದಿಷ್ಟು ಕಾಫಿ ತೋಟ ನೋಡಿಕೊಂಡಿದ್ದಾರೆ. ಮಲೆನಾಡಿನಲ್ಲಿ ನಕ್ಸಲ್ ಕೂಂಬಿಂಗ್ ಜೋರಾಗಿದ್ದ ಕಾಲದಲ್ಲಿ ಅವರೂ ಕಾಡು ಸುತ್ತಿದ್ದರು. ಮಳೆ ಹಿಡಿದು ಕೂತಿದ್ದ ಒಂದು ಸಂಜೆ, "ಆಗ ನಿಮಗೆ ಬುಲೆಟ್ ಪ್ರೂಫ್ ಜಾಕೆಟ್ ಕೊಡ್ತಿರಲಿಲ್ವಾ ಚಿಕ್ಕಪ್ಪ?" ಎಂದು ಕೇಳಿದೆ.

"ಕೊಡ್ತಿದ್ರು ಮಗ. ಜೀಪಲ್ಲೇ ಇಟ್ಟು ಹೋಗ್ತಿದ್ವಿ," ಎಂದರು. "ಅದನ್ನ ಹಾಕ್ಕೊಂಡು ಆ ಗುಡ್ಡ ಹತ್ತೋಕೆ ಆಗುತ್ತಾ? ನೆಂದ್ರೆ ಇನ್ನೂ ಭಾರ. ಒಳಗಡೆ ಒಂದು ಚೀಟಿ ಹೊಲಿದಿರ್ತಿತ್ತು. ಅದ್ರಲ್ಲಿ ಏನಿದೆ ಅಂತ ನಾವ್ಯಾರೂ ಓದ್ಲಿಲ್ಲ."

ಆ ಕೊನೆಯ ಮಾತು ನನ್ನ ತಲೆಯಲ್ಲೇ ಉಳಿಯಿತು. ಯಾಕೆಂದರೆ ಜಾಕೆಟ್‌ನ ಪೂರ್ತಿ ಸತ್ಯ ಇರುವುದು ಆ ಚೀಟಿಯಲ್ಲೇ. ಯಾವ ಗುಂಡಿಗೆ ಮಾಡಿದ್ದು, ಯಾವ ವರ್ಷದ್ದು, ಯಾವ ಮುಖ ಹೊರಗೆ ಬರಬೇಕು, ಎಲ್ಲ ಅಲ್ಲಿರುತ್ತದೆ. 'ಬುಲೆಟ್ ಪ್ರೂಫ್' ಅನ್ನುವ ಹೆಸರು ಇದನ್ನೆಲ್ಲ ಮುಚ್ಚಿಬಿಡುತ್ತದೆ. ಭಾರತೀಯ ಮಾನಕ ಬ್ಯೂರೋ 2018ರಲ್ಲಿ ತಂದ ಮಾನಕ ಐ.ಎಸ್. 17051ರ ಹೆಸರಿನಲ್ಲಿ 'ಪ್ರೂಫ್' ಅನ್ನುವ ಪದವೇ ಇಲ್ಲ. ಅಲ್ಲಿರುವುದು 'ಬುಲೆಟ್ ರೆಸಿಸ್ಟೆಂಟ್'. ಗುಂಡಿಗೆ ತಡೆ ಒಡ್ಡುವ ಜಾಕೆಟ್ ಎಂದಷ್ಟೇ ಅರ್ಥ. ಇಂಥ ಗುಂಡು, ಇಷ್ಟು ವೇಗ, ಮೈಯ ಇಷ್ಟು ಜಾಗ, ಇಷ್ಟು ವರ್ಷ. ಭರವಸೆ ಇರುವುದು ಅಷ್ಟಕ್ಕೆ ಮಾತ್ರ.

ಮೊದಲು ಬಟ್ಟೆಯ ಜಾಕೆಟ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಹಲಸಿನ ಹಣ್ಣು ಕೀಳುವಾಗ ಕೆಳಗೆ ನಾಲ್ಕು ಜನ ಗೋಣಿತಾಟು ಹಿಡಿದು ನಿಲ್ಲುವುದನ್ನು ನೋಡಿರುತ್ತೀರಿ. ಹಣ್ಣು ಬಿದ್ದ ತಕ್ಷಣ ತಾಟು ಒಂದು ಮೊಳ ಕೆಳಗೆ ಜಗ್ಗುತ್ತದೆ. ಹೊಡೆತ ನಾಲ್ಕು ಮೂಲೆಗೂ, ಎಂಟು ಕೈಗಳಿಗೂ ಹಂಚಿಹೋಗುತ್ತದೆ. ಹಣ್ಣು ನೆಲ ಮುಟ್ಟುವುದಿಲ್ಲ. ಬಟ್ಟೆಯ ಜಾಕೆಟ್ ಮಾಡುವುದೂ ಇದನ್ನೇ. ಕೆವ್ಲಾರ್‌ನಂಥ ಅರಾಮಿಡ್ ಎಂಬ ಗಟ್ಟಿ ಕೃತಕ ನೂಲಿನ ಹತ್ತಾರು ಪದರ ಒಂದರ ಮೇಲೊಂದು ಇರುತ್ತದೆ. ಕೆವ್ಲಾರನ್ನು ಕಂಡುಹಿಡಿದವರು ಸ್ಟೆಫನಿ ಕ್ವೊಲೆಕ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ, 1965ರಲ್ಲಿ. ಗುಂಡು ಬಡಿದಾಗ ನೂಲುಗಳು ಹರಿಯದೆ ಹಿಗ್ಗುತ್ತವೆ, ಎಳೆತವನ್ನು ಅಕ್ಕಪಕ್ಕದ ನೂಲುಗಳಿಗೆ ದಾಟಿಸುತ್ತವೆ. ಪಿಸ್ತೂಲಿನ ಸೀಸದ ಗುಂಡು ಅಷ್ಟರಲ್ಲಿ ಅಣಬೆಯ ಹಾಗೆ ಅರಳಿ ಅಗಲವಾಗುತ್ತದೆ. ಅಗಲವಾದಷ್ಟೂ ಹೆಚ್ಚು ನೂಲು ಅದನ್ನು ಹಿಡಿಯುತ್ತವೆ.

ಇಲ್ಲಿಯವರೆಗೆ ಸರಿ. ಆದರೆ ಗುಂಡಿನಲ್ಲಿ ಎಷ್ಟು ಶಕ್ತಿ ಇರುತ್ತದೆ? ನಮ್ಮ ಕಡೆಯ ಅಳತೆಯಲ್ಲೇ ಹೇಳುತ್ತೇನೆ. 9 ಎಂ.ಎಂ. ಪಿಸ್ತೂಲಿನ ಗುಂಡು ಸುಮಾರು 8 ಗ್ರಾಂ ತೂಗುತ್ತದೆ. ಸೆಕೆಂಡಿಗೆ ಸುಮಾರು 430 ಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ 740 ಜೌಲ್. 50 ಕೆ.ಜಿ.ಯ ಕಾಫಿ ಮೂಟೆಯನ್ನು ಒಂದೂವರೆ ಮೀಟರ್ ಎತ್ತರದಿಂದ ಬಿಟ್ಟ ಹಾಗೆ. ಎ.ಕೆ.-47ರ ಗುಂಡೂ ಹೆಚ್ಚುಕಡಿಮೆ ಅಷ್ಟೇ ತೂಕದ್ದು. ಆದರೆ ವೇಗ 700 ಮೀಟರ್ ದಾಟುತ್ತದೆ. ಅದೇ ಮೂಟೆಯನ್ನು ನಾಲ್ಕು ಮೀಟರ್ ಎತ್ತರದಿಂದ ಬಿಟ್ಟ ಹಾಗೆ. ಹಳೆಯ ಎಸ್.ಎಲ್.ಆರ್. ರೈಫಲ್ಲಿನ ಗುಂಡಾದರೆ ಆರು ಮೀಟರ್ ಮೀರುತ್ತದೆ. ಆ ಪೂರ್ತಿ ಶಕ್ತಿ ಬಂದು ಬೀಳುವುದು ಬೆರಳ ತುದಿಗಿಂತ ಚಿಕ್ಕ ಜಾಗಕ್ಕೆ. ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಪಿಸ್ತೂಲಿಗೆಂದು ಮಾಡಿದ ಬಟ್ಟೆಯ ಜಾಕೆಟ್ ರೈಫಲ್ಲಿನ ಮುಂದೆ ಏನೇನೂ ಅಲ್ಲ. ಸ್ವಲ್ಪ ಕಡಿಮೆ ರಕ್ಷಣೆ ಕೊಡುತ್ತದೆ ಎಂದಲ್ಲ, ಗುಂಡು ಸುಮ್ನೆ ದಾಟಿ ಹೋಗುತ್ತದೆ.

ಸಿನಿಮಾದಲ್ಲಿ ಗುಂಡು ತಾಗಿದವನು ಹಿಂದಕ್ಕೆ ಹಾರಿ ಬೀಳುತ್ತಾನಲ್ಲ, ಅದು ನಿಜವಲ್ಲ. ಹೊಡೆದವನ ಭುಜಕ್ಕೆ ಬಂದೂಕು ಕೊಡುವ ಒದೆತಕ್ಕಿಂತ ದೊಡ್ಡ ತಳ್ಳು ಗುಂಡು ತಾಗಿದವನಿಗೆ ಸಿಗಲು ಸಾಧ್ಯವಿಲ್ಲ.

ರೈಫಲ್ ಗುಂಡಿಗೆ ಬೇಕಾಗುವುದು ಗಟ್ಟಿ ಫಲಕ. ಪೊಲೀಸರು ಪ್ಲೇಟ್ ಅನ್ನುತ್ತಾರೆ. ಮುಂದೆ ಸೆರಾಮಿಕ್, ಅದರ ಹಿಂದೆ ಪಾಲಿಎಥಿಲಿನ್ ಎಂಬ ಪ್ಲಾಸ್ಟಿಕ್ ನೂಲನ್ನು ಒತ್ತಿ ಮಾಡಿದ ಹಲಗೆ. ಸೆರಾಮಿಕ್ ಎಂದರೆ ಅಲ್ಯುಮಿನಾ, ಸಿಲಿಕಾನ್ ಕಾರ್ಬೈಡ್, ಇಲ್ಲವೇ ಬೋರಾನ್ ಕಾರ್ಬೈಡ್. ಕೊನೆಯದು ವಜ್ರದ ಹಿಂದಿನ ಸಾಲಿನಲ್ಲೇ ನಿಲ್ಲುವಷ್ಟು ಗಡಸು. ಗುಂಡಿನ ಮೂತಿಯನ್ನು ಪುಡಿ ಮಾಡುವುದು ಸೆರಾಮಿಕ್‌ನ ಕೆಲಸ. ಪುಡಿಯಾದ ಚೂರುಗಳನ್ನು ಹಿಡಿದು ನಿಲ್ಲಿಸುವುದು ಹಿಂದಿನ ಹಲಗೆಯ ಕೆಲಸ. ಗುಂಡು ಒಡೆಯುವಾಗ ಸೆರಾಮಿಕ್ ಕೂಡ ಆ ಜಾಗದಲ್ಲಿ ಒಡೆಯುತ್ತದೆ. ಹಾಗಾಗಿ ಎರಡನೇ ಗುಂಡು ಅದೇ ಜಾಗಕ್ಕೆ ಬಿದ್ದರೆ ರಕ್ಷಣೆ ಅಷ್ಟಿರುವುದಿಲ್ಲ. ಎಷ್ಟು ಗುಂಡು, ಎಷ್ಟು ದೂರ ಬಿಟ್ಟು ಬಿದ್ದರೆ ತಡೆಯಬೇಕು ಎಂಬುದನ್ನೂ ಪರೀಕ್ಷೆಯಲ್ಲಿ ನೋಡುತ್ತಾರೆ.

ಇಲ್ಲೊಂದು ಸಣ್ಣ ಆದರೆ ತುಂಬಾ ಮುಖ್ಯವಾದ ವಿಷಯವಿದೆ. ಕೆಲವು ಪ್ಲೇಟ್‌ಗಳು ಒಂಟಿಯಾಗೇ ಗುಂಡು ತಡೆಯುತ್ತವೆ. ಇನ್ನು ಕೆಲವು ಬಟ್ಟೆಯ ಪದರದ ಜೊತೆ ಸೇರಿದರೆ ಮಾತ್ರ ತಡೆಯುತ್ತವೆ. ಎರಡನೇ ಬಗೆಯ ಪ್ಲೇಟ್ ಕೊಟ್ಟಿದ್ದಾಗ, ಸೆಕೆ ಎಂದು ಒಳಗಿನ ಬಟ್ಟೆ ಪದರ ತೆಗೆದಿಟ್ಟರೆ ಮುಗಿಯಿತು, ಭರವಸೆಯೂ ತೆಗೆದಿಟ್ಟ ಹಾಗೆ. ಪ್ಲೇಟನ್ನು ಹಿಂದುಮುಂದಾಗಿ ಸಿಕ್ಕಿಸಿದರೂ ಅದೇ ಕಥೆ. ಸೆರಾಮಿಕ್ ಮುಖ ಗುಂಡಿನ ಕಡೆ ಇರಲೇಬೇಕು.

ತೂಕ ಬರುವುದು ಈ ಪ್ಲೇಟ್‌ಗಳಿಂದಲೇ. ಭಾರತೀಯ ಮಾನಕದಲ್ಲಿ ಆರು ಹಂತಗಳಿವೆ. ಒಂದನೆಯದು 9 ಎಂ.ಎಂ. ಪಿಸ್ತೂಲಿಗೆ. ಆರನೆಯದು ದೂರದಿಂದ ಗುರಿಯಿಡುವ ಸ್ನೈಪರ್ ರೈಫಲ್ಲಿನ, ಕವಚ ಸೀಳಲೆಂದೇ ಮಾಡಿದ ಗುಂಡಿಗೆ. ನಡುವೆ ಬೇರೆ ಬೇರೆ ರೈಫಲ್‌ಗಳು ಬರುತ್ತವೆ. ಎ.ಕೆ.-47 ಒಂದರಲ್ಲೇ ಮೆದು ಉಕ್ಕಿನ ತಿರುಳಿನ ಗುಂಡಿಗೂ ಗಡಸು ಉಕ್ಕಿನ ತಿರುಳಿನ ಗುಂಡಿಗೂ ಬೇರೆ ಹಂತ. ಹಾಗಾಗಿ "ಎ.ಕೆ.-47 ತಡೆಯುತ್ತದೆ" ಎಂದರೂ ಮಾತು ಪೂರ್ತಿಯಾಗುವುದಿಲ್ಲ. ಯಾವ ಗುಂಡು ಹಾಕಿದ ಎ.ಕೆ.-47 ಎಂದು ಕೇಳಲೇಬೇಕು.

2024ರಲ್ಲಿ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿ.ಆರ್.ಡಿ.ಒ.ದ ಕಾನ್ಪುರದ ಪ್ರಯೋಗಾಲಯ ಈ ಆರನೇ ಹಂತದ ಜಾಕೆಟ್ ಮಾಡಿತು. ಚಂಡೀಗಢದಲ್ಲಿ ಅದರ ಪರೀಕ್ಷೆ ನಡೆಯಿತು. ಮುಂದಿನ ಪ್ಲೇಟ್ ಆರು ಗುಂಡು ತಡೆಯಿತು. ಬಟ್ಟೆ ಪದರದ ಜೊತೆ ಹಾಕುವ ಆ ಪ್ಲೇಟಿನ ತೂಕ ಚದರ ಮೀಟರಿಗೆ 40 ಕೆ.ಜಿ.ಗಿಂತ ಕಡಿಮೆ. 25 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಪ್ಲೇಟ್ ಎಂದು ಲೆಕ್ಕ ಹಾಕಿದರೆ ಒಂದಕ್ಕೆ ಸುಮಾರು 3 ಕೆ.ಜಿ. ಇಷ್ಟು ಹಗುರ ಮಾಡಿದ್ದೇ ದೊಡ್ಡ ಸಾಧನೆ. ಅದೇ ವರ್ಷ ಐ.ಐ.ಟಿ. ದೆಹಲಿ ಜೊತೆ ಸೇರಿ ಮಾಡಿದ 'ಅಭೇದ್' ಜಾಕೆಟ್‌ಗಳ ಕನಿಷ್ಠ ತೂಕ, ಹಂತಕ್ಕೆ ತಕ್ಕಂತೆ, 8.2 ಮತ್ತು 9.5 ಕೆ.ಜಿ. ಚಿಕ್ಕಪ್ಪನ ಕಾಲದವು ಇದಕ್ಕಿಂತ ಎಷ್ಟೋ ಭಾರ. ಬಲ್ಲಾಳರಾಯನದುರ್ಗದ ಏರು ಹತ್ತಿದವರಿಗೆ ಹತ್ತು ಕೆ.ಜಿ. ಎಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ರೈಫಲ್, ನೀರು, ಊಟ ಅದರ ಮೇಲೆ. ಮಳೆಗಾಲವಾದರೆ ಜಿಗಣೆ ಬೇರೆ. ಜೀಪಿನಲ್ಲಿ ಬಿಟ್ಟು ಹೋದ ಜಾಕೆಟ್ ಯಾವ ಹಂತದ್ದಾದರೂ ಒಂದೇ. ಇದಕ್ಕಾಗಿ ಚಿಕ್ಕಪ್ಪನನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಹೊತ್ತು ನಡೆಯಲು ಆಗದ್ದನ್ನು ಕೊಂಡಿದ್ದರೆ ತಪ್ಪು ಕೊಂಡವರದ್ದು.

ಇನ್ನು ಮೈಯ ಎಷ್ಟು ಭಾಗ ಮುಚ್ಚುತ್ತದೆ ಎಂಬ ಪ್ರಶ್ನೆ. ಪ್ಲೇಟ್ ಮುಚ್ಚುವುದು ಎದೆಯ ಮಧ್ಯ ಭಾಗ ಮತ್ತು ಬೆನ್ನು. ಹೃದಯ, ಶ್ವಾಸಕೋಶ, ದೊಡ್ಡ ರಕ್ತನಾಳ ಅದರ ಹಿಂದಿರುತ್ತವೆ. ಕುತ್ತಿಗೆ, ಭುಜ, ಕಂಕುಳು, ಸೊಂಟದ ಕೆಳಗೆ ಬಯಲು. 2008ರ ನವೆಂಬರ್ 26ರ ಮುಂಬೈ ದಾಳಿಯಲ್ಲಿ ಭಯೋತ್ಪಾದನಾ ನಿಗ್ರಹ ದಳದ ಮುಖ್ಯಸ್ಥ ಹೇಮಂತ್ ಕರ್ಕರೆ ಹುತಾತ್ಮರಾದಾಗ ಜಾಕೆಟ್‌ನ ಗುಣಮಟ್ಟದ ಬಗ್ಗೆ ದೇಶವೆಲ್ಲ ಮಾತಾಯಿತು. ಅವರ ಜಾಕೆಟ್ ಆಮೇಲೆ ಕಾಣೆಯಾಗಿದ್ದು ಅನುಮಾನವನ್ನು ಇನ್ನೂ ಹೆಚ್ಚಿಸಿತು. ಅವರಿಗೆ ಗುಂಡು ತಾಗಿದ್ದು ಕುತ್ತಿಗೆ ಮತ್ತು ಭುಜದ ಭಾಗಕ್ಕೆ. ಎಂಥ ಒಳ್ಳೆಯ ಪ್ಲೇಟ್ ಇದ್ದರೂ ಆ ಜಾಗ ಮುಚ್ಚುತ್ತಿರಲಿಲ್ಲ. ಹಾಗಂತ ಜಾಕೆಟ್ ಸರಿಯಿತ್ತೋ ಇಲ್ಲವೋ ಎಂಬ ಪ್ರಶ್ನೆ ಸಣ್ಣದಾಗುವುದಿಲ್ಲ. ಆದರೆ ಅವು ಎರಡು ಬೇರೆ ಪ್ರಶ್ನೆಗಳು.

ನಮ್ಮ ಕಡೆಯ ನೆನಪೂ ಇದೆ. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಬಾಳಿಗೆರೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರಿನಲ್ಲಿ ಸತ್ತರು. ಅದಾದ ಕೆಲವೇ ದಿನಕ್ಕೆ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಶಾಲೆಯಲ್ಲಿ ಬೀಡುಬಿಟ್ಟಿದ್ದ ಕೆ.ಎಸ್.ಆರ್.ಪಿ. ಪೊಲೀಸರ ಮೇಲೆ ರಾತ್ರಿ ದಾಳಿಯಾಯಿತು. ಏಳು ಪೊಲೀಸರು ತೀರಿಕೊಂಡರು. ದಣಿದು ಮಲಗುವ ಹೊತ್ತಿನಲ್ಲಿ ಯಾರೂ ಪ್ಲೇಟ್ ಕಟ್ಟಿಕೊಂಡು ಮಲಗುವುದಿಲ್ಲ. ಕ್ಯಾಂಪಿನ ಕಾವಲು, ಮರಳು ಮೂಟೆ, ಗೋಡೆ, ಇವು ಮಾಡಬೇಕಾದ ಕೆಲಸವನ್ನು ಜಾಕೆಟ್ ಮಾಡಲಾರದು.

ಗುಂಡು ಜಾಕೆಟ್ ದಾಟಲಿಲ್ಲ ಎಂದುಕೊಳ್ಳಿ. ಆಗಲೂ ಮೈಗೆ ಪೆಟ್ಟಿಲ್ಲ ಎಂದಲ್ಲ. ಗೋಣಿತಾಟು ಕೆಳಗೆ ಜಗ್ಗಿತು ಎಂದೆನಲ್ಲ, ಜಾಕೆಟ್ ಕೂಡ ಒಳಗೆ ಜಗ್ಗುತ್ತದೆ. ಪರೀಕ್ಷೆ ಮಾಡುವಾಗ ಜಾಕೆಟ್ಟಿನ ಹಿಂದೆ ಒಂದು ಬಗೆಯ ಮೆತ್ತನೆ ಜೇಡಿಯ ದಿಮ್ಮಿ ಇಟ್ಟು ಗುಂಡು ಹೊಡೆಯುತ್ತಾರೆ. ಜೇಡಿಯಲ್ಲಿ ಬಿದ್ದ ಗುಳಿಯ ಆಳ ಅಳೆಯುತ್ತಾರೆ. ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆ ಎನ್.ಐ.ಜೆ.ಯ ಮಾನಕದಲ್ಲಿ ಈ ಗುಳಿ 44 ಮಿಲಿಮೀಟರಿನವರೆಗೆ ಇರಬಹುದು. ಸಿಪ್ಪೆ ಸಮೇತ ಒಂದು ಹಣ್ಣಡಿಕೆಯ ಉದ್ದ ಎಂದುಕೊಳ್ಳಿ. ಪಕ್ಕೆಲುಬು ಮುರಿಯಬಹುದು, ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಜಾಕೆಟ್ ಮೇಲೆ ಗುಂಡು ತಾಗಿದ ಪ್ರತಿಯೊಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, "ಏನೂ ಆಗಿಲ್ಲ ಸಾರ್" ಎಂದರೂ ಕೂಡ. ಆ ಜಾಕೆಟ್ ಮತ್ತೆ ಬಳಸುವಂತೆಯೂ ಇಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸುವುದು ಜಾಕೆಟ್ ಹಳೆಯದಾಗುವ ರೀತಿ. ಅದು ಕಣ್ಣಿಗೆ ಕಾಣುವುದಿಲ್ಲ. ಅಮೆರಿಕದ ಒಂದು ಪ್ರಕರಣ ಹೇಳುತ್ತೇನೆ. ಝೈಲಾನ್ ಎಂಬ ಹೊಸ ನೂಲು ಬಂತು. ಕೆವ್ಲಾರ್‌ಗಿಂತ ಬಲ, ಹಗುರ, ತೆಳು. ಪೊಲೀಸರಿಗೆ ತುಂಬಾ ಇಷ್ಟವಾಯಿತು. 2003ರಲ್ಲಿ ಇಬ್ಬರು ಪೊಲೀಸರ ಝೈಲಾನ್ ಜಾಕೆಟ್‌ಗಳನ್ನು, ತಡೆಯಬೇಕಿದ್ದ ಗುಂಡುಗಳೇ ತೂರಿಹೋದವು. ಒಬ್ಬರು ಬದುಕಿದರು, ಒಬ್ಬರು ತೀರಿಕೊಂಡರು. ಆಮೇಲೆ ಸರ್ಕಾರ ಬಳಕೆಯಲ್ಲಿದ್ದ 103 ಜಾಕೆಟ್ ತರಿಸಿ ಗುಂಡು ಹೊಡೆಸಿತು. 60 ಜಾಕೆಟ್‌ಗಳಲ್ಲಿ ಗುಂಡು ದಾಟಿತು. ಹೊಸದಾಗಿದ್ದಾಗ ಎಲ್ಲವೂ ಪರೀಕ್ಷೆಯಲ್ಲಿ ಪಾಸಾದ ಮಾದರಿಗಳೇ. ತೇವ ಮತ್ತು ಬಿಸಿಗೆ ಆ ನೂಲು ಒಳಗೊಳಗೇ ಸವೆಯುತ್ತಿತ್ತು. 2005ರಲ್ಲಿ ಝೈಲಾನ್ ಜಾಕೆಟ್‌ಗಳ ಮಾನ್ಯತೆ ಹೋಯಿತು. ಅದಾದ ಮೇಲೆ 2008ರ ಎನ್.ಐ.ಜೆ. ಮಾನಕದಲ್ಲಿ ಹೊಸ ನಿಯಮ ಬಂತು. ಬಟ್ಟೆಯ ಜಾಕೆಟನ್ನು 65 ಡಿಗ್ರಿ ಬಿಸಿ, ಶೇ 80ರ ತೇವದಲ್ಲಿ ಹತ್ತು ದಿನ ಉರುಳಾಡಿಸಿ ಆಮೇಲೆ ಗುಂಡು ಹೊಡೆಯಬೇಕು ಎಂದು.

ತೇವ ಮತ್ತು ಬಿಸಿ ಎಂದಾಗ ನಮ್ಮ ಜಿಲ್ಲೆಗಳ ನೆನಪಾಗದೆ ಇರುತ್ತದೆಯೇ? ಕೊಪ್ಪ, ಶೃಂಗೇರಿ, ಸಕಲೇಶಪುರದಲ್ಲಿ ಆಷಾಢಕ್ಕೆ ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಅದೇ ಹಾಸನ ಜಿಲ್ಲೆಯ ಇನ್ನೊಂದು ತುದಿ ಅರಸೀಕೆರೆಯಲ್ಲಿ ಏಪ್ರಿಲ್ ಬಿಸಿಲಿಗೆ ಮುಚ್ಚಿ ನಿಲ್ಲಿಸಿದ ಜೀಪಿನ ಒಳಗೆ ಕೈ ಇಡಲಾಗುವುದಿಲ್ಲ. ಅರಾಮಿಡ್ ಬಟ್ಟೆ ನೆಂದರೆ ಗುಂಡು ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಬಿಸಿಲಿನ ನೇರಳಾತೀತ ಕಿರಣಕ್ಕೆ ಬಲ ಕುಂದುತ್ತದೆ. ಅದಕ್ಕೇ ಅದನ್ನು ನೀರು, ಬೆಳಕು ಹೋಗದ ಚೀಲದಲ್ಲಿ ಸೀಲ್ ಮಾಡಿರುತ್ತಾರೆ. ಆ ಚೀಲ ಹರಿದರೆ, ಹೊಲಿಗೆ ಬಿಟ್ಟರೆ ಜಾಕೆಟ್ ಬದಲಿಸಬೇಕು. ಪಾಲಿಎಥಿಲಿನ್‌ಗೆ ನೀರಿನ ಭಯವಿಲ್ಲ, ಆದರೆ ಬಿಸಿಗೆ ಆಗಿಬರುವುದಿಲ್ಲ. ಹೀಗೆ ಒಂದೇ ಜಿಲ್ಲೆಯ ಎರಡು ತುದಿಯಲ್ಲಿ ಎರಡು ಬೇರೆ ಶತ್ರು. ಬಟ್ಟೆಯ ಜಾಕೆಟ್‌ಗೆ ತಯಾರಕರು ಸಾಮಾನ್ಯವಾಗಿ ಐದು ವರ್ಷದ ವಾರಂಟಿ ಕೊಡುತ್ತಾರೆ. ಅದು ಮಡಚದೆ, ಒಣ ಜಾಗದಲ್ಲಿ, ಸರಿಯಾಗಿ ಇಟ್ಟರೆ ಮಾತ್ರ.

ಸೆರಾಮಿಕ್ ಪ್ಲೇಟಿನ ರೋಗ ಬೇರೆ. ಒಂದು ಸಲ ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಒಳಗೆ ಬಿರುಕು ಬಿಡಬಹುದು. ಮೇಲೆ ಬಟ್ಟೆ ಸುತ್ತಿರುವುದರಿಂದ ಕಾಣುವುದಿಲ್ಲ. ಮಂಗಳೂರು ಹಂಚು ಕೊಳ್ಳುವಾಗ ಹಿರಿಯರು ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರಲ್ಲ? ಠಣ್ ಎಂದರೆ ಗಟ್ಟಿ, ಒಡಕು ಸದ್ದು ಬಂದರೆ ಪಕ್ಕಕ್ಕಿಡು. ಪ್ಲೇಟನ್ನೂ ತಟ್ಟಿ ನೋಡುವ ರೂಢಿ ಇದೆ. ಆದರೆ ನಂಬಬಹುದಾದ ದಾರಿ ಎಕ್ಸ್‌ರೇ. ಅಮೆರಿಕದ ಸೇನೆ ತನ್ನ ಪ್ಲೇಟ್‌ಗಳಿಗೆ ಎಕ್ಸ್‌ರೇ ತೆಗೆಸುತ್ತದೆ. ವರ್ಷಕ್ಕೊಮ್ಮೆ ಜಿಲ್ಲೆಯ ಪ್ಲೇಟ್‌ಗಳನ್ನೆಲ್ಲ ಒಂದು ಕಡೆ ತಂದು ಎಕ್ಸ್‌ರೇ ಮಾಡಿಸುವುದು ಆಗದ ಕೆಲಸವೇನಲ್ಲ.

ಈಗ ಕೊಳ್ಳುವ ವಿಷಯ. ಗುಂಡು ಹೊಡೆದು ನೋಡಿದ ಜಾಕೆಟ್ ಹಾಳಾದ ಹಾಗೆಯೇ. ಆದ್ದರಿಂದ ಎಲ್ಲವನ್ನೂ ಪರೀಕ್ಷಿಸಲಾಗುವುದಿಲ್ಲ. ಕೆಲವನ್ನು ಆರಿಸಿ ಹೊಡೆಯಬೇಕು. ಎಷ್ಟನ್ನು? ಒಂದು ಲೆಕ್ಕ ನೋಡಿ. 500 ಜಾಕೆಟ್ ಬಂದಿವೆ, ಅದರಲ್ಲಿ ಹತ್ತಕ್ಕೊಂದು ಕೆಟ್ಟದ್ದು ಎಂದುಕೊಳ್ಳಿ. ಅಂದರೆ 50 ಜನರ ಎದೆ ಮೇಲೆ ಕೆಟ್ಟ ಜಾಕೆಟ್. ಐದನ್ನು ಆರಿಸಿ ಪರೀಕ್ಷಿಸಿದಿರಿ. ಐದೂ ಒಳ್ಳೆಯವೇ ಸಿಕ್ಕಿ, ಇಡೀ ಮಾಲು ಪಾಸಾಗುವ ಸಾಧ್ಯತೆ ನೂರಕ್ಕೆ 59. ಅರ್ಧಕ್ಕಿಂತ ಹೆಚ್ಚು! 20 ಪರೀಕ್ಷಿಸಿದರೆ ಅದು ಸುಮಾರು 12ಕ್ಕೆ ಇಳಿಯುತ್ತದೆ. 20 ಜಾಕೆಟ್ ಹಾಳಾಯಿತಲ್ಲ ಎಂದು ಲೆಕ್ಕ ತಪಾಸಣೆಯವರು ಕೇಳಬಹುದು. ಹಾಳಾಗಿಲ್ಲ. ಉಳಿದ 480ರ ಬಗ್ಗೆ ನಂಬಿಕೆ ಕೊಂಡಿದ್ದು ಆ ದುಡ್ಡಿನಲ್ಲೇ.

ಇನ್ನೊಂದು, ಟೆಂಡರಿಗೆ ಕೊಡುವ ಮಾದರಿಯೇ ಬೇರೆ, ಲಾರಿಯಲ್ಲಿ ಬರುವ ಮಾಲೇ ಬೇರೆ ಆಗಬಹುದು. ನಮ್ಮಲ್ಲಿ ಕಾಫಿ ವ್ಯಾಪಾರಿ ಮನೆಗೆ ತಂದು ತೋರಿಸಿದ ಒಂದು ಬೊಗಸೆ ನೋಡಿ ರೇಟು ಮುಗಿಸುವುದಿಲ್ಲ. ಮೂಟೆಗಳಿಂದ ತೆಗೆದು ಔಟ್‌ಟರ್ನ್, ಅಂದರೆ ಸಿಪ್ಪೆ ಹೋಗಿ ಎಷ್ಟು ಬೀಜ ಉಳಿಯುತ್ತದೆ ಎಂದು ನೋಡುತ್ತಾನೆ. ಜಾಕೆಟಿಗೂ ಅಷ್ಟೇ ಎಚ್ಚರ ಬೇಕು. ಯಾವ ಡಬ್ಬಿ ಒಡೆಯಬೇಕೆಂದು ಕೊಳ್ಳುವವರೇ ಆರಿಸಬೇಕು, ಮಾರುವವರಲ್ಲ. 2017ರಲ್ಲಿ ಮಹಾರಾಷ್ಟ್ರ ಪೊಲೀಸರು ಹೀಗೆ ಬಂದ ಮಾಲನ್ನು ಪರೀಕ್ಷೆ ಮಾಡಿಸಿ, ಎ.ಕೆ.-47 ಗುಂಡಿಗೆ ನಿಲ್ಲದ 1,400ಕ್ಕೂ ಹೆಚ್ಚು ಜಾಕೆಟ್ ವಾಪಸ್ ಕಳಿಸಿದರು. ಆ ಸುದ್ದಿಯನ್ನು ಹಗರಣದ ಹಾಗೆ ಓದಿದವರೇ ಜಾಸ್ತಿ. ನನಗೆ ಅದು ಒಳ್ಳೆಯ ಸುದ್ದಿ. ಪರೀಕ್ಷೆ ತನ್ನ ಕೆಲಸ ಮಾಡಿತು. ಅಷ್ಟು ಜನ ಪೊಲೀಸರ ಮೈ ಮೇಲೆ ಆ ಜಾಕೆಟ್ ಬರಲಿಲ್ಲ.

ಕಡಿಮೆ ದರ ಕೂಗಿದವರಿಗೆ ಟೆಂಡರ್ ಎಂಬುದು ಸರ್ಕಾರದ ಪದ್ಧತಿ. ಅದರಲ್ಲಿ ತಪ್ಪಿಲ್ಲ. ಆದರೆ ಟೆಂಡರಿನಲ್ಲಿ ಏನು ಬರೆದಿದ್ದಾರೆ ಎಂಬುದೇ ಎಲ್ಲ. ಹಂತ, ಗರಿಷ್ಠ ತೂಕ, ಅಳತೆಗಳು, ಎಷ್ಟನ್ನು ಪರೀಕ್ಷಿಸುತ್ತೇವೆ, ಐದು ವರ್ಷದ ನಂತರ ಏನು. ಇವನ್ನು ಬರೆಯದಿದ್ದರೆ ಕಡಿಮೆ ದರದವನು ಕಡಿಮೆಯದ್ದನ್ನೇ ಕೊಡುತ್ತಾನೆ. ಅಳತೆ ಎಂದಾಗ ಮಹಿಳಾ ಸಿಬ್ಬಂದಿಯ ಮಾತು ಬರಲೇಬೇಕು. ಗಂಡಸಿನ ಎದೆಗೆ ಮಾಡಿದ ಜಾಕೆಟ್ ಹಾಕಿದರೆ ಕಂಕುಳ ಪಕ್ಕ ಬಾಯಿ ತೆರೆದ ಹಾಗೆ ಸಂದು ಬಿಡುತ್ತದೆ. ಗುಂಡಿಗೆ ಅಷ್ಟು ಜಾಗ ಸಾಕು. 2023ರ ಎನ್.ಐ.ಜೆ. ಮಾನಕದಲ್ಲಿ ಮಹಿಳೆಯರ ಜಾಕೆಟ್ ಪರೀಕ್ಷಿಸುವ ಕ್ರಮವನ್ನು ಸುಧಾರಿಸಿದ್ದಾರೆ. ಇಲ್ಲಿ ಕೊಳ್ಳುವಾಗಲೂ ಅದನ್ನು ಕೇಳಬೇಕು.

ಹಾಗಾದರೆ ನಮ್ಮ ಜಿಲ್ಲೆಗಳಿಗೆ ಯಾವುದು ಬೇಕು? 2025ರ ಜನವರಿ, ಫೆಬ್ರವರಿಯಲ್ಲಿ ಕೊನೆಯ ನಕ್ಸಲರೂ ಶರಣಾದರು. ಮಲೆನಾಡಿನ ಕಾಡಿನಲ್ಲಿ ರೈಫಲ್ ಎದುರಾಗುವ ಭಯ ಕಡಿಮೆಯಾಗಿದೆ. ಸಶಸ್ತ್ರ ಪಡೆಗೆ ಒಂದಿಷ್ಟು ಒಳ್ಳೆಯ ಪ್ಲೇಟ್ ಜಾಕೆಟ್ ಇರಲೇಬೇಕು, ಅದು ಬೇರೆ ಮಾತು. ಆದರೆ ಬೀಟ್ ಪೊಲೀಸನಿಗೆ ಎದುರಾಗುವುದು ಮಚ್ಚು, ಚೂರಿ, ಕಲ್ಲು. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಹೇಳಬೇಕು. ಪಿಸ್ತೂಲಿನ ಗುಂಡು ತಡೆಯುವ ಬಟ್ಟೆ ಚೂರಿಯನ್ನು ತಡೆಯುತ್ತದೆ ಎಂದು ನಂಬುವಂತಿಲ್ಲ. ಗುಂಡು ನೂಲನ್ನು ಎಳೆಯುತ್ತದೆ. ಚೂರಿಯ ಮೊನೆ ನೂಲುಗಳ ನಡುವೆ ದಾರಿ ಮಾಡಿಕೊಂಡು ನುಗ್ಗುತ್ತದೆ, ಅಲಗು ಕೊಯ್ಯುತ್ತದೆ. ಅದಕ್ಕೆ ಇನ್ನೂ ಒತ್ತಾದ ನೇಯ್ಗೆ, ಇಲ್ಲವೇ ಲೋಹದ ಪದರ ಬೇಕು. ಅದಕ್ಕೆ ಪ್ರತ್ಯೇಕ ಪರೀಕ್ಷೆಯೇ ಇದೆ. ಬ್ರಿಟನ್ನಿನ ಪೊಲೀಸರು ಎರಡಕ್ಕೂ ಆಗುವ ಜಾಕೆಟ್ ದಿನಾ ಹಾಕುತ್ತಾರೆ. ಇನ್ನು ದತ್ತ ಜಯಂತಿ ಬಂದೋಬಸ್ತಿನಲ್ಲಿ ಕಾಣುವ ದಪ್ಪ ಕಪ್ಪು ಕವಚ ಪ್ಲಾಸ್ಟಿಕ್ ಮತ್ತು ಫೋಮಿನದು. ಕಲ್ಲು, ದೊಣ್ಣೆಗೆ ಸರಿ. ಗುಂಡಿಗೆ ಅಲ್ಲ.

ಇನ್ನುಳಿದದ್ದು ಕೋವಿ. ತೋಟದ ಮನೆಗಳಲ್ಲಿ ಬೆಳೆ ಕಾಯಲು ಲೈಸೆನ್ಸ್ ಇರುವ ಕೋವಿಗಳಿವೆ. ಚುನಾವಣೆ ಬಂದರೆ ಠಾಣೆಗೆ ಕೊಟ್ಟು ಬರುತ್ತೇವೆ. ಅದರಾಚೆ ಲೈಸೆನ್ಸ್ ಇಲ್ಲದ ನಾಡಕೋವಿಗಳೂ ಕಾಡಂಚಿನಲ್ಲಿ ಸಿಗುತ್ತವೆ. ಎಷ್ಟು ಮದ್ದು ತುಂಬಿದ್ದಾರೆ, ಚರೆಯೋ ಒಂಟಿ ಗುಂಡೋ, ಯಾರಿಗೂ ಗೊತ್ತಿರುವುದಿಲ್ಲ. ಕಮ್ಮಾರನ ಕುಲುಮೆಯಲ್ಲಾದ ಕೋವಿಗೆ ಯಾವ ಮಾನಕವೂ ಅಳತೆ ಬರೆದಿಲ್ಲ. ರಾತ್ರಿ ಗಸ್ತಿನಲ್ಲಿ ಅದರ ಎದುರು ನಿಲ್ಲುವವರು ಹೆಚ್ಚಾಗಿ ಅರಣ್ಯ ಇಲಾಖೆಯ ಗಾರ್ಡ್, ವಾಚರ್‌ಗಳು. ಚರೆಯನ್ನು ಸಾಮಾನ್ಯವಾಗಿ ಹಗುರವಾದ ಬಟ್ಟೆಯ ಜಾಕೆಟ್ಟೇ ತಡೆಯುತ್ತದೆ. ಮೂರು ಕೆ.ಜಿ. ಆಸುಪಾಸಿನದು, ಹಾಕಿಕೊಂಡು ನಡೆಯಬಹುದಾದದ್ದು. ಜಾಕೆಟ್ ಕೊಳ್ಳುವ ಪಟ್ಟಿಯಲ್ಲಿ ಅವರ ಹೆಸರೂ ಇರಲಿ ಎಂಬುದು ನನ್ನ ಆಸೆ.

ಇಷ್ಟೆಲ್ಲ ಓದಿ ಬಂದು ಚಿಕ್ಕಪ್ಪನಿಗೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಫೋನ್ ತೆಗೆದು, ಈಗ ಕೆಲಸದಲ್ಲಿರುವ ತಮ್ಮ ಹಳೆಯ ಜೊತೆಗಾರರ ಮಗನಿಗೆ ಮಾಡಿದರು. "ಏನಪ್ಪಾ, ಊಟ ಆಯ್ತಾ? ನಿಂಗೆ ಕೊಟ್ಟಿರೋ ಜಾಕೆಟ್ ಇದ್ಯಲ್ಲ, ಅದ್ರ ಒಳಗಡೆ ಒಂದು ಚೀಟಿ ಇರುತ್ತೆ. ತೆಗೆದು ನಂಗೊಂಚೂರು ಓದಿ ಹೇಳು," ಎಂದರು. ಆ ಕಡೆಯಿಂದ ಬೀರು ತೆರೆದ ಸದ್ದು ಕೇಳಿಸಿತು. ಚಿಕ್ಕಪ್ಪ ನನ್ನ ಕಡೆ ತಿರುಗಿ, ಬರೆದುಕೋ ಎಂದು ಕೈಸನ್ನೆ ಮಾಡಿದರು.